ಒಂದೂಕಾಲು ಇಂಚಿನ ಕಿಟಕಿ

(ಸಾಗರದ ಒಂದು ಪ್ರೌಢಶಾಲೆಯಲ್ಲಿ, ಜನವರಿಯ ಒಂದು ಸಂಜೆ, ಆಕಾಶ ನೋಡಲು ತಾರಸಿಗೆ ಹತ್ತುವ ಮೊದಲು ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೂರ್ತಿ ಕತ್ತಲಾಗಲು ಇನ್ನೂ ಮುಕ್ಕಾಲು ಗಂಟೆ ಇದೆ. ಅಷ್ಟರಲ್ಲಿ ಒಂದೇ ಒಂದು ಸಾಮಾನಿನ ಬಗ್ಗೆ ಮಾತಾಡುತ್ತೇನೆ. ಟೆಲಿಸ್ಕೋಪಿನ ಹಿಂದೆ ನಾವು ಕಣ್ಣಿಡುವ ಆ ಪುಟ್ಟ ಕೊಳವೆ, ಐಪೀಸ್. ಅದರಲ್ಲೂ ಕಡಿಮೆ ದೊಡ್ಡದು ಮಾಡಿ ಹೆಚ್ಚು ಆಕಾಶ ತೋರಿಸುವಂಥದ್ದು.

1610ರಲ್ಲಿ ಗೆಲಿಲಿಯೋ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಕೃತ್ತಿಕೆಯ ಚಿತ್ರ ಇದೆ. ಬರಿಗಣ್ಣಿಗೆ ಆರು ಕಾಣುವ ಜಾಗದಲ್ಲಿ ಆತ 36 ಚುಕ್ಕಿ ಗುರುತು ಮಾಡಿದ್ದಾನೆ. ಆದರೆ ಆ ಚಿತ್ರದಲ್ಲಿರುವ ಕೃತ್ತಿಕೆಯನ್ನು ಆತ ಒಂದೇ ನೋಟಕ್ಕೆ ಟೆಲಿಸ್ಕೋಪಿನಲ್ಲಿ ಕಂಡವನಲ್ಲ. ಇಪ್ಪತ್ತು ಪಟ್ಟು ದೊಡ್ಡದು ಮಾಡುತ್ತಿದ್ದ ಆ ಕೊಳವೆಯಲ್ಲಿ ಒಮ್ಮೆಗೆ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಕಾಲು ಡಿಗ್ರಿ ಆಕಾಶ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ, ಅಂದರೆ ಅವನಿಗೆ ಇಡೀ ಚಂದ್ರನೂ ಒಟ್ಟಿಗೆ ಸಿಗುತ್ತಿರಲಿಲ್ಲ. ತುಂಡು ತುಂಡಾಗಿ ನೋಡಿ, ಕೌದಿ ಹೊಲಿದ ಹಾಗೆ ಕಾಗದದ ಮೇಲೆ ಜೋಡಿಸಿದ.

ನಮ್ಮಲ್ಲಿ ಟೆಲಿಸ್ಕೋಪ್ ಕೊಂಡ ಎಷ್ಟೋ ಜನ ನಾನೂರು ವರ್ಷದ ಮೇಲೂ ಇದೇ ಕೌದಿ ಹೊಲಿಯುತ್ತಿದ್ದಾರೆ. ಪೆಟ್ಟಿಗೆಯ ಮೇಲೆ "525 ಪಟ್ಟು" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಒಳಗೆ 4 ಮಿಲಿಮೀಟರಿನ ಒಂದು ಐಪೀಸು, ಜೊತೆಗೊಂದು ಬಾರ್ಲೋ, ಅಂದರೆ ಪಟ್ಟನ್ನು ಇನ್ನೂ ಹೆಚ್ಚಿಸುವ ಮಸೂರ. ಅದನ್ನು ಹಾಕಿಕೊಂಡು ರಾತ್ರಿಯಿಡೀ ಹುಡುಕಿ, ಏನೂ ಸಿಗದೆ, ಮರುದಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುತ್ತಾರೆ. ಟೆಲಿಸ್ಕೋಪಿನದ್ದು ತಪ್ಪಲ್ಲ. ಹುಡುಕಲು ಬೇಕಾದ ಕಿಟಕಿಯೇ ಅವರ ಹತ್ತಿರ ಇರಲಿಲ್ಲ.

ಲೆಕ್ಕಕ್ಕೆ ನನ್ನ ಟೆಲಿಸ್ಕೋಪನ್ನೇ ಇಟ್ಟುಕೊಳ್ಳೋಣ, ಇಲ್ಲಿ ಮೂರು ನಾಲ್ಕು ಜನರ ಹತ್ತಿರವೂ ಅದೇ ಅಳತೆಯದ್ದು ಇದೆ. ಎಂಟಿಂಚಿನ ಡಾಬ್ಸೋನಿಯನ್. ಕನ್ನಡಿಯ ಅಗಲ 203 ಮಿ.ಮೀ., ಫೋಕಲ್ ಲೆಂಗ್ತ್, ಅಂದರೆ ಕನ್ನಡಿಯಿಂದ ಬೆಳಕು ಬಂದು ಕೂಡುವ ಜಾಗಕ್ಕಿರುವ ದೂರ, 1200 ಮಿ.ಮೀ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 6, ಅದಕ್ಕೇ ಎಫ್/6 ಅನ್ನುತ್ತಾರೆ. ಹೆಸರು ಬಂದದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ಈ ಬಗೆಯ ಸರಳ ಮರದ ಪೆಟ್ಟಿಗೆಯ ಟೆಲಿಸ್ಕೋಪನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರಾಮಕೃಷ್ಣ ಪರಂಪರೆಯ ವೇದಾಂತ ಮಠ ಸೇರಿ, 23 ವರ್ಷ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಹಳೆ ಗಾಜನ್ನು ತಿಕ್ಕಿ ಕನ್ನಡಿ ಮಾಡುತ್ತಿದ್ದರು. ಕೊನೆಗೆ ಈ ಟೆಲಿಸ್ಕೋಪ್ ಹುಚ್ಚಿನಿಂದಲೇ 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷದಿಂದ ಬೀದಿ ಬದಿಯಲ್ಲಿ ನಿಂತು ದಾರಿಹೋಕರಿಗೆಲ್ಲ ಚಂದ್ರನನ್ನು ತೋರಿಸುವ ಗುಂಪು ಕಟ್ಟಿದರು.

ಇರಲಿ. ಪಟ್ಟು ಲೆಕ್ಕ ಎಲ್ಲರಿಗೂ ಗೊತ್ತು: ಟೆಲಿಸ್ಕೋಪಿನ 1200ನ್ನು ಐಪೀಸಿನ ಮೇಲೆ ಬರೆದ ಮಿ.ಮೀ. ಅಂಕಿಯಿಂದ (ಅದು ಐಪೀಸಿನ ಫೋಕಲ್ ಲೆಂಗ್ತ್) ಭಾಗಿಸಿ. ಜೊತೆಗೆ ಕೊಡುವ 25 ಮಿ.ಮೀ. ಪ್ಲೋಸೆಲ್ (ಸಾಮಾನ್ಯ ಬಗೆಯ ಒಂದು ಐಪೀಸು) ಹಾಕಿದರೆ 48 ಪಟ್ಟು. ಅದರೊಳಗೆ ಕಣ್ಣಿಟ್ಟಾಗ ತೋರುವ ದುಂಡಗಿನ ಹರವು 50 ಡಿಗ್ರಿ. 50ನ್ನು 48ರಿಂದ ಭಾಗಿಸಿದರೆ ನಿಜವಾಗಿ ಸಿಗುವ ಆಕಾಶ ಒಂದು ಡಿಗ್ರಿಗೆ ಕೂದಲೆಳೆಯಷ್ಟು ಹೆಚ್ಚು.

ಈಗ ಕೃತ್ತಿಕೆ. ಅದರ ಎದ್ದು ಕಾಣುವ ನಕ್ಷತ್ರಗಳು ಈ ತುದಿಯಿಂದ ಆ ತುದಿಗೆ ಹರಡಿರುವುದೂ ಸರಿಸುಮಾರು ಒಂದು ಡಿಗ್ರಿಯೇ. ಹಾಗಾಗಿ ಅಂಚಿಗೆ ಅಂಚು ತಾಗಿಸಿ ಕೂರಿಸಿದರೆ ಹಿಡಿಸುತ್ತದೆ. ಆದರೆ ಹಾಗೆ ನೋಡಿದವರಿಗೆ ಅದು ಗೊಂಚಲು ಅನ್ನಿಸುವುದಿಲ್ಲ, ಅಲ್ಲೊಂದು ಇಲ್ಲೊಂದು ಚೆಲ್ಲಿದ ಬೆಳಕು ಅನ್ನಿಸುತ್ತದೆ. ಗೊಂಚಲು ಗೊಂಚಲಾಗಿ ಕಾಣಲು ಸುತ್ತ ಒಂದಿಷ್ಟು ಖಾಲಿ ಕತ್ತಲೆ ಬೇಕು. ರಂಗೋಲಿಯನ್ನು ಅಂಗಳದ ಮಧ್ಯೆ ಹಾಕುವುದಕ್ಕೂ ಹೊಸ್ತಿಲ ಸಂದಿಯಲ್ಲಿ ತುರುಕುವುದಕ್ಕೂ ಇರುವ ವ್ಯತ್ಯಾಸ.

ನಾನು ಇದಕ್ಕೆ ಕಂಡುಕೊಂಡ ಮೊದಲ ಪರಿಹಾರ ಶುದ್ಧ ದಡ್ಡತನದ್ದು. 25ಕ್ಕಿಂತ 32 ಅಗಲ ಅಂದಮೇಲೆ 40 ಇನ್ನೂ ಅಗಲ ಇರಲೇಬೇಕಲ್ಲ ಅಂತ 40 ಮಿ.ಮೀ. ಪ್ಲೋಸೆಲ್ ತರಿಸಿದೆ. ಬಂದ ರಾತ್ರಿ ನೋಡುತ್ತೇನೆ, 32ರಲ್ಲಿ ಅಂಚಿಗಿದ್ದ ನಕ್ಷತ್ರ 40ರಲ್ಲೂ ಅದೇ ಅಂಚಿಗಿದೆ. ಆಕಾಶ ಒಂದಿಷ್ಟೂ ಹೆಚ್ಚಲಿಲ್ಲ. ಎಲ್ಲ ಚಿಕ್ಕದಾಗಿ, ಪಪ್ಪಾಯಿ ಎಲೆಯ ದಂಟಿನ ತೂತಿನಲ್ಲಿ ಇಣುಕಿದ ಹಾಗೆ ದೂರ ಹೋಗಿ ಕೂತಿತ್ತು.

ಯಾಕೆ ಹೀಗೆ? ಐಪೀಸನ್ನು ತಿರುವಿ ಹಿಡಿದು ಟೆಲಿಸ್ಕೋಪಿಗೆ ಸಿಕ್ಕಿಸುವ ಕಡೆಯಿಂದ ಒಳಗೆ ನೋಡಿ. ಒಂದು ಕಪ್ಪು ಉಂಗುರ ಕಾಣುತ್ತದೆ. ಫೀಲ್ಡ್ ಸ್ಟಾಪ್ ಅನ್ನುತ್ತಾರೆ, ನಾವು ಬಳೆ ಅನ್ನೋಣ. ನಿಮಗೆ ಸಿಗುವ ಆಕಾಶವನ್ನು ಕತ್ತರಿಸಿ ಕೊಡುವುದು ಆ ಬಳೆ. ಅದರ ಅಗಲವನ್ನು ಟೆಲಿಸ್ಕೋಪಿನ ಫೋಕಲ್ ಲೆಂಗ್ತಿನಿಂದ ಭಾಗಿಸಿ 57.3ರಿಂದ ಗುಣಿಸಿದರೆ ಎಷ್ಟು ಡಿಗ್ರಿ ಆಕಾಶ ಎಂದು ಗೊತ್ತಾಗುತ್ತದೆ. ಒಂದೂಕಾಲು ಇಂಚು, ಎರಡಿಂಚು ಅನ್ನುವುದು ಟೆಲಿಸ್ಕೋಪಿಗೆ ಸಿಕ್ಕಿಸುವ ಈ ಕೊಳವೆಯ ಅಗಲ. ಒಂದೂಕಾಲು ಇಂಚಿನ ಐಪೀಸಿನ ಕೊಳವೆಯೊಳಗೆ ಕೂರಿಸಬಹುದಾದ ಅತಿ ದೊಡ್ಡ ಬಳೆ ಸುಮಾರು 27 ಮಿ.ಮೀ. ಅದಕ್ಕಿಂತ ದೊಡ್ಡ ಬಳೆ ಆ ಕೈಗೆ ಏರುವುದಿಲ್ಲ. 32 ಮಿ.ಮೀ. ಪ್ಲೋಸೆಲ್ ಆಗಲೇ ಆ ಮಿತಿ ಮುಟ್ಟಿರುತ್ತದೆ. ನನ್ನ ಟೆಲಿಸ್ಕೋಪಿನಲ್ಲಿ ಅದರ ಅರ್ಥ 1.3 ಡಿಗ್ರಿ, ಮುಗಿಯಿತು. 40 ಕೊಳ್ಳಲಿ, 50 ಕೊಳ್ಳಲಿ, ಅಷ್ಟೇ. ಎರಡಿಂಚಿನ ಕೊಳವೆಯಲ್ಲಾದರೆ 46 ಮಿ.ಮೀ.ವರೆಗಿನ ಬಳೆ ಹಿಡಿಯುತ್ತದೆ, ಆಗ 2.2 ಡಿಗ್ರಿ ಸಿಗುತ್ತದೆ.

ನಿಮ್ಮ ಹತ್ತಿರ ಮೇಜಿನ ಮೇಲಿಡುವ 130 ಮಿ.ಮೀ. ಟೆಲಿಸ್ಕೋಪ್ ಇದ್ದರೆ ಹೊಟ್ಟೆ ಉರಿಸಿಕೊಳ್ಳಬೇಕಾದವರು ನಾವು. ಅದರ ಫೋಕಲ್ ಲೆಂಗ್ತ್ 650 ಮಾತ್ರ. ಅದೇ ಒಂದೂಕಾಲು ಇಂಚಿನ ಐಪೀಸು, ಅದೇ 27ರ ಬಳೆ, ಆದರೆ ಸಿಗುವುದು 2.4 ಡಿಗ್ರಿ. ನನ್ನದಕ್ಕೆ ಎರಡಿಂಚಿನ ದುಬಾರಿ ಐಪೀಸು ಹಾಕಿದರೂ ಅಷ್ಟು ಬರುವುದಿಲ್ಲ. ಉದ್ದ ಫೋಕಲ್ ಲೆಂಗ್ತಿನವರ ಪಾಡು ಇದಕ್ಕೆ ತದ್ವಿರುದ್ಧ. ಎಂಟಿಂಚಿನ ಶ್ಮಿಟ್-ಕ್ಯಾಸಿಗ್ರೇನ್ ಎಂಬ ಬಗೆಯ ಟೆಲಿಸ್ಕೋಪ್ ಇಟ್ಟುಕೊಂಡವರಿಗೆ 2032 ಮಿ.ಮೀ., ಒಂದೂಕಾಲು ಇಂಚಿನಲ್ಲಿ ಮುಕ್ಕಾಲು ಡಿಗ್ರಿಗೆ ಸಾಕುಮಾಡಿಕೊಳ್ಳಬೇಕು.

ಈ ಲೆಕ್ಕ ನಂಬಬೇಕಿಲ್ಲ, ಇವತ್ತೇ ಅಳೆಯಬಹುದು. ಮಹಾವ್ಯಾಧನ (ಓರಿಯನ್) ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ ಕಡೆಯದ್ದು, ಮಿಂಟಾಕ, ಆಕಾಶದ ವಿಷುವದ್ವೃತ್ತದ ಮೇಲೇ ಕೂತಿದೆ ಅನ್ನಬಹುದು. ಭೂಮಿ ತಿರುಗುವುದರಿಂದ ಅದು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಟೆಲಿಸ್ಕೋಪನ್ನು ಅಲುಗಿಸದೆ, ನಕ್ಷತ್ರ ನೋಟದ ನಟ್ಟನಡುವೆ ಹಾದು ಹೋಗುವಂತೆ ಇಟ್ಟು, ಒಳಬಂದ ಕ್ಷಣದಿಂದ ಹೊರಬೀಳುವವರೆಗೆ ಮೊಬೈಲಿನಲ್ಲಿ ಸಮಯ ಹಿಡಿಯಿರಿ. 25ರ ಪ್ಲೋಸೆಲ್‌ಗೆ ನಾಲ್ಕು ನಿಮಿಷ ಚಿಲ್ಲರೆ ಬರುತ್ತದೆ, 32ಕ್ಕೆ ಐದು ನಿಮಿಷ ಚಿಲ್ಲರೆ. ನನ್ನ ಆ 40ಕ್ಕೂ ಐದು ನಿಮಿಷ ಚಿಲ್ಲರೆ! ಕಂಪನಿಯವರು ಛಾಪಿಸಿದ ಡಿಗ್ರಿಗಿಂತ ಈ ಗಡಿಯಾರದ ಮೇಲೆ ನನಗೆ ಹೆಚ್ಚು ನಂಬಿಕೆ.

ಇಲ್ಲಿಗೆ ಕಥೆಯ ಅರ್ಧ ಆಯಿತು. ಇನ್ನರ್ಧವೇ ಹೆಚ್ಚು ಸ್ವಾರಸ್ಯದ್ದು, ಅಂಗಡಿಯವರು ಸಾಮಾನ್ಯವಾಗಿ ಹೇಳದೆ ಬಿಡುವುದೂ ಅದನ್ನೇ.

ಹಗಲು ಹೊತ್ತಿನಲ್ಲಿ ಟೆಲಿಸ್ಕೋಪನ್ನು ಬಿಳಿ ಗೋಡೆಯ ಕಡೆ ತಿರುಗಿಸಿ (ಸೂರ್ಯನ ಕಡೆ ಅಲ್ಲ, ತಮಾಷೆಗೂ ಅಲ್ಲ), ಐಪೀಸಿನಿಂದ ಒಂದಡಿ ಹಿಂದೆ ಸರಿದು ನೋಡಿ. ಗಾಜಿನ ಮೇಲೆ ತೇಲುವ ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ. ಎಕ್ಸಿಟ್ ಪ್ಯೂಪಿಲ್ ಅಂದರೆ ಅದೇ. ಎಂಟಿಂಚಿನ ಕನ್ನಡಿ ಕುಡಿದ ಬೆಳಕೆಲ್ಲ ಅಷ್ಟು ಸಣ್ಣ ಬಿಲ್ಲೆಯಾಗಿ ನಿಮ್ಮ ಕಣ್ಣೊಳಗೆ ಹೋಗುತ್ತದೆ. ಅದರ ಅಗಲ ತಿಳಿಯಲು ಐಪೀಸಿನ ಅಂಕಿಯನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಆಯಿತು. 32ನ್ನು 6ರಿಂದ, 5.3 ಮಿ.ಮೀ. 24ನ್ನು 6ರಿಂದ, 4 ಮಿ.ಮೀ.

ಈ 24 ಅನ್ನುವ ಅಂಕಿಯನ್ನು ಬೇಕೆಂದೇ ತೆಗೆದುಕೊಂಡೆ. 68 ಡಿಗ್ರಿ ಹರವಿನ 24 ಮಿ.ಮೀ. ಐಪೀಸುಗಳು ಸಿಗುತ್ತವೆ, ಒಂದೂಕಾಲು ಇಂಚಿನವೇ. ಅವುಗಳಲ್ಲೂ 27ರ ಬಳೆ. ಹಾಗಾಗಿ ಸಿಗುವ ಆಕಾಶ 32ರ ಪ್ಲೋಸೆಲ್‌ನಷ್ಟೇ, 1.3 ಡಿಗ್ರಿ. ಹಾಗಾದರೆ ಎರಡು ಮೂರು ಪಟ್ಟು ದುಡ್ಡು ಯಾಕೆ ಕೊಡಬೇಕು? ಹಿನ್ನೆಲೆಗಾಗಿ. ಬಿಲ್ಲೆ 5.3ರಿಂದ 4ಕ್ಕೆ ಇಳಿದಾಗ ಆಕಾಶದ ಹಿನ್ನೆಲೆಯ ಹೊಳಪು ಬಹುತೇಕ ಅರ್ಧಕ್ಕೆ ಇಳಿಯುತ್ತದೆ. ನಕ್ಷತ್ರಗಳು ಚುಕ್ಕಿಗಳು, ಅವುಗಳ ಬೆಳಕು ಹಾಗೇ ಉಳಿಯುತ್ತದೆ. ಬಸ್‌ಸ್ಟ್ಯಾಂಡಿನ ಎಲ್‌ಇಡಿ ದೀಪಗಳ ಮೇಲಿನ ಆಕಾಶ ಹೇಗಿರುತ್ತದೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಅದನ್ನು 32ರಲ್ಲಿ ನೋಡಿದರೆ ಮಾಸಿದ ಪಂಚೆಯ ಬಣ್ಣ. 24ರಲ್ಲಿ ಅದೇ ತುಣುಕು ಕಪ್ಪಗೆ, ಮೇಲೆ ಚುಕ್ಕಿಗಳು ಚುರುಕಾಗಿ.

ನೀಹಾರಿಕೆಯ ವಿಷಯದಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ ಎಂದೂ ಹೇಳಬೇಕು. ಅದು ಚುಕ್ಕಿಯಲ್ಲ, ಮಂಜು. ಹಿನ್ನೆಲೆ ಎಷ್ಟು ಮಬ್ಬಾಗುತ್ತದೋ ಅದೂ ಅಷ್ಟೇ ಮಬ್ಬಾಗುತ್ತದೆ. ಓ-ತ್ರೀ ಫಿಲ್ಟರ್ (ನೀಹಾರಿಕೆಯ ಆಮ್ಲಜನಕದ ಬೆಳಕನ್ನಷ್ಟೇ ಬಿಡುವ ಗಾಜು) ಹಾಕಿ ನೋಡುವವರಿಗಂತೂ ದೊಡ್ಡ ಬಿಲ್ಲೆಯೇ ಬೇಕು.

ಆ ದೊಡ್ಡ ಬಿಲ್ಲೆ ಒಳಗೆ ಹೋಗಲು ನಿಮ್ಮ ಕಣ್ಣಿನ ಪಾಪೆ ಅಷ್ಟು ಅಗಲ ಬಿಡಬೇಕಲ್ಲ. ಎಳೆಯರಲ್ಲಿ ಕತ್ತಲಲ್ಲಿ ಅದು 7 ಮಿ.ಮೀ.ವರೆಗೆ ಅಗಲವಾಗುತ್ತದೆ. ವಯಸ್ಸಾದ ಹಾಗೆ ಕುಗ್ಗುತ್ತದೆ, ಒಬ್ಬೊಬ್ಬರಲ್ಲಿ ಒಂದೊಂದು ಥರ. ನನಗೆ ಐವತ್ತೆರಡು, ನನ್ನದು 5ರ ಆಸುಪಾಸು. ಹೇಗೆ ಗೊತ್ತಾಯಿತು ಅಂದರೆ, ಸೈಕಲ್ ಅಂಗಡಿಯ ಅಲೆನ್ ಕೀ ಸೆಟ್. ಅರ್ಧ ಗಂಟೆ ಕತ್ತಲಲ್ಲಿದ್ದು, ಒಂದು ಕಣ್ಣು ಮುಚ್ಚಿ, ಒಂದೊಂದೇ ಕೀಯನ್ನು ಇನ್ನೊಂದು ಕಣ್ಣಿನ ಮುಂದೆ ನೆಟ್ಟಗೆ ಹಿಡಿದು ಒಂದು ನಕ್ಷತ್ರ ನೋಡಿದೆ. ಕಣ್ಣಿಗೆ ತಾಗಿಸಬೇಡಿ, ಎರಡು ಬೆರಳಗಲ ದೂರ ಇರಲಿ. 4ರ ಕೀ ಅಡ್ಡ ಬಂದರೂ ನಕ್ಷತ್ರ ಆರಲಿಲ್ಲ, ಅಕ್ಕಪಕ್ಕದಿಂದ ಬೆಳಕು ನುಸುಳುತ್ತಿತ್ತು. 5ರದ್ದು ಇಟ್ಟಾಗ ಮಿಣುಕಿ ಮಿಣುಕಿ ಹೋಯಿತು. 6ಕ್ಕೆ ಪೂರ್ತಿ ಇಲ್ಲ.

ಎರಡಿಂಚಿನ 40 ಮಿ.ಮೀ. ಐಪೀಸು ನನ್ನ ಟೆಲಿಸ್ಕೋಪಿನಲ್ಲಿ 6.7ರ ಬಿಲ್ಲೆ ಕೊಡುತ್ತದೆ. 5ರ ಬಾಗಿಲಲ್ಲಿ 6.7 ಹೋಗದು, ಅಂಚಿನ ಬೆಳಕು ಕಣ್ಣಿನ ಹೊರಗೇ ಚೆಲ್ಲುತ್ತದೆ. ಲೆಕ್ಕದಲ್ಲಿ ನನ್ನ ಎಂಟಿಂಚು ಆಗ ಆರಿಂಚು ಆದ ಹಾಗೆ. ಇದನ್ನು ಮಹಾ ಅಪರಾಧ ಎಂಬಂತೆ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 2.2 ಡಿಗ್ರಿ ಬೇಕೇಬೇಕು ಅನ್ನುವ ರಾತ್ರಿ ಎರಡಿಂಚು ಬೆಳಕು ಚೆಲ್ಲಿದರೆ ಚೆಲ್ಲಲಿ. ಆದರೆ ಅದೊಂದೇ ಐಪೀಸು ಇಟ್ಟುಕೊಳ್ಳುವುದು ಬೇಡ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಕೇಳಿದರು: "ಕನ್ನಡಕ ತೆಗೆದು ನೋಡಬೇಕಾ, ಹಾಕ್ಕೊಂಡಾ?"

ಬರಿ ದೂರದೃಷ್ಟಿ, ಸಮೀಪದೃಷ್ಟಿ ಆದರೆ ತೆಗೆದಿಡಿ ಅಮ್ಮ, ಫೋಕಸ್ ತಿರುಗಿಸಿದರೆ ಸರಿಹೋಗುತ್ತದೆ. ಆದರೆ ಚೀಟಿಯಲ್ಲಿ ಸಿಲಿಂಡರ್ ನಂಬರ್ ಇದ್ದರೆ, ಅದು ಅಸ್ಟಿಗ್ಮ್ಯಾಟಿಸಂ, ಫೋಕಸ್ಸಿನಲ್ಲಿ ಹೋಗುವುದಿಲ್ಲ. ವಿಚಿತ್ರ ಏನೆಂದರೆ ಅದು ಕಾಡುವುದು ಕಡಿಮೆ ಪಟ್ಟಿನಲ್ಲೇ. ಹೆಚ್ಚು ಪಟ್ಟಿನಲ್ಲಿ ಬಿಲ್ಲೆ ಒಂದೆರಡು ಮಿ.ಮೀ. ಇರುತ್ತದೆ, ಕಣ್ಣಿನ ನಡುಭಾಗ ಮಾತ್ರ ಬಳಕೆಯಾಗುತ್ತದೆ. ಬಿಲ್ಲೆ 5 ಆದಾಗ ಕಣ್ಣಿನ ಓರೆಕೋರೆಗಳೆಲ್ಲ ಆಟಕ್ಕೆ ಬರುತ್ತವೆ, ನಕ್ಷತ್ರಕ್ಕೆ ಕೋಡು ಮೂಡುತ್ತದೆ. ಹಾಗಾಗಿ ನೀವು ಕನ್ನಡಕ ಹಾಕಿಕೊಂಡೇ ನೋಡಿ. ಕೊಳ್ಳುವಾಗ ಗಾಜಿನಿಂದ ಕಣ್ಣಿಗೆ 15ರಿಂದ 20 ಮಿ.ಮೀ. ಎಡೆ ಬಿಡುವ ಐಪೀಸೇ ಆಗಬೇಕು. 32ರ ಪ್ಲೋಸೆಲ್ ಈ ವಿಷಯದಲ್ಲಿ ಉದಾರಿ.

ಕಣ್ಣಿನ ದೋಷವೋ ಐಪೀಸಿನದ್ದೋ ಎಂಬ ಅನುಮಾನ ಬಂದರೆ ತಲೆಯನ್ನು ಓರೆ ಮಾಡಿ. ಕೋಡುಗಳು ತಲೆಯ ಜೊತೆ ತಿರುಗಿದರೆ ಕಣ್ಣಿನದ್ದು.

ಅಂಚಿನ ವಿಷಯ ಈಗ. ಅಗಲದ ಐಪೀಸುಗಳಲ್ಲಿ ನಡುವಿನ ನಕ್ಷತ್ರ ಸೂಜಿಮೊನೆ, ಅಂಚಿನದ್ದು ಹಾರುವ ಕೊಕ್ಕರೆ. ಎರಡು ರೆಕ್ಕೆ ಬಿಚ್ಚಿದ ಹಾಗೆ ಕಂಡರೆ ಐಪೀಸಿನ ಅಸ್ಟಿಗ್ಮ್ಯಾಟಿಸಂ. ಬಾಲ ಬಂದು ಧೂಮಕೇತುವಿನಂತೆ ಹೊರಮುಖವಾಗಿ ಚಾಚಿದ್ದರೆ ಅದು ಕೋಮಾ, ನಿಮ್ಮ ಕನ್ನಡಿಯದ್ದು, ಐಪೀಸನ್ನು ಬೈಯಬೇಡಿ. ಎಫ್/10ರಲ್ಲಿ ಅಗ್ಗದ ಅಗಲ ಐಪೀಸೂ ಸಾಧುವಾಗಿರುತ್ತದೆ, ಎಫ್/5ರಲ್ಲಿ ಅದೇ ಐಪೀಸು ಅಂಚಿನ ಕಾಲುಭಾಗವನ್ನು ಕೆಡಿಸುತ್ತದೆ. ನಮ್ಮ ಎಫ್/6 ನಡುವಿನದ್ದು, ಮನಸ್ಸು ದೊಡ್ಡದು ಮಾಡಿಕೊಂಡರೆ ಸಹಿಸಬಹುದು. ಇನ್ನು ಕೆಲವದರಲ್ಲಿ ಕಣ್ಣು ಸ್ವಲ್ಪ ಆಚೀಚೆ ಆದರೆ ಅಲಸಂದೆ ಕಾಳಿನ ಆಕಾರದ ಕಪ್ಪು ನೆರಳು ಓಡಾಡುತ್ತದೆ. ಅಂಥದ್ದನ್ನು ಕೊಳ್ಳುವ ಮೊದಲು ಒಮ್ಮೆ ಕಣ್ಣಿಟ್ಟು ನೋಡಿ. ಕೆಲವರಿಗೆ ಅದು ಲೆಕ್ಕಕ್ಕೇ ಇಲ್ಲ, ನನಗೆ ತಲೆನೋವು.

ಅಂಚಿನವರೆಗೂ ಸೂಜಿಮೊನೆ ಬೇಕು ಎಂಬ ಹಟದ ಕಥೆ ದೊಡ್ಡದು. ಕಾರ್ಲ್ ಝೈಸ್‌ನಲ್ಲಿದ್ದ ಹೈನ್ರಿಶ್ ಎರ್ಫ್ಲೆ ಮೊದಲ ಮಹಾಯುದ್ಧದ ಕಾಲದಲ್ಲಿ ಅಗಲ ನೋಟದ ಐಪೀಸು ರೂಪಿಸಿದ, ಸೈನ್ಯದ ಉಪಕರಣಗಳಿಗೆ. ಎರಡನೇ ಯುದ್ಧ ಮುಗಿದ ಮೇಲೆ ಆ ಬಗೆಯವು ಹಳೆ ಸಾಮಾನಾಗಿ ಅಮೆರಿಕದ ಹವ್ಯಾಸಿಗಳ ಕೈಸೇರಿದವು. ಆಮೇಲೆ ಬಂದವರು ಆಲ್ ನಾಗ್ಲರ್, ಅಪೋಲೋ ಯಾತ್ರಿಗಳ ತರಬೇತಿಗೆ ಬಳಸಿದ ಸಿಮ್ಯುಲೇಟರುಗಳ ಅಗಲ ನೋಟದ ಮಸೂರ ವ್ಯವಸ್ಥೆ ಮಾಡಿದವರು. 1980ರ ಸುಮಾರಿಗೆ ಅವರ 82 ಡಿಗ್ರಿಯ ಐಪೀಸು ಬಂತು. ಒಳಗೆ ಕಣ್ಣಿಟ್ಟರೆ ಅಂಚು ಹುಡುಕಬೇಕು. ಅವರ 31 ಮಿ.ಮೀ.ನದ್ದು ಒಂದು ಕಿಲೋ ತೂಗುತ್ತದೆ, ನಮ್ಮೂರಿಗೆ ಬರುವಷ್ಟರಲ್ಲಿ ಬೆಲೆ ಅರ್ಧ ಲಕ್ಷ ದಾಟುತ್ತದೆ. ಒಮ್ಮೆ ಸ್ನೇಹಿತರೊಬ್ಬರದ್ದನ್ನು ನನ್ನ ಟೆಲಿಸ್ಕೋಪಿಗೆ ಹಾಕಿ ನೋಡಿದೆ. ಕೈಬಿಟ್ಟ ತಕ್ಷಣ ಕೊಳವೆ ಮೂಗು ಬಗ್ಗಿಸಿ ನೆಲ ನೋಡಿತು. ಹಿಂಬದಿಗೆ ಮರಳು ತುಂಬಿದ ಕಾಲುಚೀಲ ಕಟ್ಟಿದ ಮೇಲೆ ನಿಂತಿತು. ನೋಟ? ಅದರ ಬಗ್ಗೆ ಮಾತಾಡಿದರೆ ಮನೆಯಲ್ಲಿ ಜಗಳ ಆಗುತ್ತದೆ.

ಒಬ್ಬ ಹುಡುಗ ಕೇಳಿದ: "ಸರ್, ಝೂಮ್ ಐಪೀಸ್ ತಗೊಂಡರೆ ಎಲ್ಲಾ ಒಂದರಲ್ಲೇ ಆಗಲ್ವಾ?"

ಗ್ರಹ, ಚಂದ್ರನಿಗೆ ಒಳ್ಳೆಯದಪ್ಪ. ಆದರೆ 8ರಿಂದ 24ರ ಝೂಮಿನಲ್ಲಿ 24ಕ್ಕೆ ತಂದಾಗ ಹರವು ಕುಗ್ಗಿ 40, 50 ಡಿಗ್ರಿಗೆ ಇಳಿದಿರುತ್ತದೆ. ನಮಗೆ ಅಗಲ ಬೇಕಾದ ಕಡೆಯೇ ಅದು ಕಿರಿದು. ನನ್ನ ಟೆಲಿಸ್ಕೋಪಿನಲ್ಲಿ ಒಂದು ಡಿಗ್ರಿಯೂ ದಾಟದೆ ಇರಬಹುದು.

ಹಾಗಾದರೆ ಎಷ್ಟು ಡಿಗ್ರಿ ಸಾಕು? ನೋಡುವುದು ಏನು ಅನ್ನುವುದರ ಮೇಲೆ. ಮಹಾವ್ಯಾಧನ ಕತ್ತಿಯ ಉದ್ದ ಒಂದೂವರೆ ಡಿಗ್ರಿ, 1.3ರಲ್ಲಿ ತುದಿ ಕತ್ತರಿಸಿಹೋಗುತ್ತದೆ, 1.7ರಲ್ಲಿ ಪೂರ್ತಿ. ಪುಷ್ಯ ನಕ್ಷತ್ರದಲ್ಲಿರುವ ಜೇನುಗೂಡು ಗುಚ್ಛವೂ ಒಂದೂವರೆ. ಆಂಡ್ರೊಮಿಡಾ ಗ್ಯಾಲಕ್ಸಿ ಮೂರು ಡಿಗ್ರಿ, ಅದು ಹೇಗೂ ಪೂರ್ತಿ ಹಿಡಿಸದು, ಆದರೆ ಅದರ ನಡುಭಾಗ ಮತ್ತು ಎರಡು ಪುಟ್ಟ ಸಂಗಾತಿ ಗ್ಯಾಲಕ್ಸಿಗಳು 1.3ರಲ್ಲೂ ಸಿಗುತ್ತವೆ. ರೋಹಿಣಿಯ ಸುತ್ತಲ ಗುಚ್ಛ ಐದು ಡಿಗ್ರಿಗೂ ಮಿಕ್ಕಿದ್ದು, ಅದಕ್ಕೆ ಐಪೀಸು ಹುಡುಕಬೇಡಿ, 10x50 ಬೈನಾಕ್ಯುಲರ್ ತೆಗೆದುಕೊಳ್ಳಿ. ಇನ್ನು ನಮ್ಮ ಅಕ್ಷಾಂಶದ ಭಾಗ್ಯ ಒಂದಿದೆ. ಯುರೋಪಿನ ಬಹುಪಾಲು ಜನರಿಗೆ ಕಾಣದ ಒಮೆಗಾ ಸೆಂಟಾರಿ ನಮ್ಮಲ್ಲಿ ದಕ್ಷಿಣಕ್ಕೆ 28 ಡಿಗ್ರಿ ಎತ್ತರ ಏರುತ್ತದೆ. ಏಪ್ರಿಲ್ ರಾತ್ರಿ, ಮೊದಲ ಮಳೆ ಬಿದ್ದು ಧೂಳು ಕೂತ ಮೇಲೆ, ಅಡಿಕೆ ಮರದ ತಲೆಗಳ ಮೇಲೆ ಹುಡುಕಿ. ಹಿಟ್ಟು ಚೆಲ್ಲಿದ ಹಾಗೆ ಚಂದ್ರನಷ್ಟಗಲ.

ಅರುಂಧತಿಯನ್ನೂ ಬಿಡಬೇಡಿ. ಮದುವೆಯಲ್ಲಿ ಹಾಡುಹಗಲೇ ತೋರಿಸಿ "ಕಂಡಿತಾ?" ಅಂದರೆ "ಕಂಡಿತು" ಅಂದವರೇ ನಾವೆಲ್ಲ. ಇವತ್ತು ರಾತ್ರಿ ಹನ್ನೊಂದರ ಮೇಲೆ ಈಶಾನ್ಯದಲ್ಲಿ ನಿಜವಾಗಿ ನೋಡಿ. 40 ಪಟ್ಟಿನಲ್ಲಿ ವಸಿಷ್ಠ, ಅರುಂಧತಿ ಇಬ್ಬರೂ ಒಂದೇ ನೋಟದಲ್ಲಿ ಆರಾಮಾಗಿ ಇರುತ್ತಾರೆ, ಮೇಲಾಗಿ ವಸಿಷ್ಠನೇ ಎರಡಾಗಿ ಒಡೆದು ಕಾಣುತ್ತಾನೆ.

ಒಂದೇ ಒಂದು ಕೊಳ್ಳುವುದಾದರೆ ಯಾವುದು ಎಂದು ಕೇಳಿದರೆ, ಎಂಟಿಂಚಿನ ಎಫ್/6 ಇದ್ದು, ಫೋಕಸರ್ (ಐಪೀಸು ಸಿಕ್ಕಿಸುವ ಭಾಗ) ಎರಡಿಂಚಿನದ್ದಾಗಿದ್ದರೆ, 30 ಮಿ.ಮೀ., 68ರಿಂದ 70 ಡಿಗ್ರಿಯದ್ದು. 40 ಪಟ್ಟು, 1.7 ಡಿಗ್ರಿ, 5ರ ಬಿಲ್ಲೆ. ಫೋಕಸರ್ ಒಂದೂಕಾಲು ಇಂಚಿನದ್ದಾದರೆ 24ರ 68 ಡಿಗ್ರಿ. ದುಡ್ಡು ಬಿಗಿ ಇದ್ದರೆ 32ರ ಪ್ಲೋಸೆಲ್, ನಾಚಿಕೆ ಬೇಡ. ಹೆಚ್ಚು ಪಟ್ಟಿನದ್ದನ್ನು ಇದಾದ ಮೇಲೆ ಕೊಳ್ಳಿ.

ತಂದ ಮೇಲೆ ಮಳೆಗಾಲ ಇದೆಯಲ್ಲ. ಜೂನಿನಿಂದ ನಾಲ್ಕು ತಿಂಗಳು ಅದು ಡಬ್ಬಿಯಲ್ಲೇ ಕೂರುತ್ತದೆ. ಚರ್ಮದ ಚೀಲದಲ್ಲಿ, ಬೀರುವಿನಲ್ಲಿ ಇಟ್ಟರೆ ಗಾಜಿನ ಮೇಲೆ ಬೂಷ್ಟು ಜೇಡರ ಬಲೆ ನೇಯುತ್ತದೆ, ಒಮ್ಮೆ ಕಚ್ಚಿದರೆ ಲೇಪ ಹಾಳು. ಮುಚ್ಚಳ ಬಿಗಿ ಇರುವ ಡಬ್ಬಿ, ಒಳಗೆ ಸಿಲಿಕಾ ಜೆಲ್, ಹದಿನೈದು ದಿನಕ್ಕೊಮ್ಮೆ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸುವುದು. ಈ ತಿಂಗಳ ಇಬ್ಬನಿಗೆ ಬೇರೆ ಮದ್ದು: ಬಳಸದ ಐಪೀಸು ಜೇಬಿನಲ್ಲಿರಲಿ, ಬೆಚ್ಚಗೆ. ಉಸಿರು ಗಾಜಿನ ಮೇಲೆ ಬಿಡಬೇಡಿ, ಬಿಟ್ಟರೆ ಒರೆಸಬೇಡಿ, ತಾನಾಗಿ ಆರಲಿ.

ಮೇಲೆ ಎರಡು ಟೆಲಿಸ್ಕೋಪ್ ಇಟ್ಟಿದ್ದೇವೆ, ಎರಡೂ ಎಂಟಿಂಚಿನವು, ಎರಡೂ ಕೃತ್ತಿಕೆಯ ಕಡೆಗೆ. ಬಲಗಡೆಯದ್ದರಲ್ಲಿ 25ರ ಪ್ಲೋಸೆಲ್, ಎಡಗಡೆಯದ್ದರಲ್ಲಿ 30ರದ್ದು. ಮೊದಲು ಬಲಗಡೆಯದ್ದನ್ನು ನೋಡಿ ಆಮೇಲೆ ಎಡಕ್ಕೆ ಬನ್ನಿ. ಎಡಗಡೆಯದ್ದರಲ್ಲಿ ಒಬ್ಬೊಬ್ಬರೂ ಅರ್ಧ ನಿಮಿಷ ನಿಂತರೂ ನಾಲ್ಕೈದು ಜನ ಮುಗಿಯುವವರೆಗೆ ನಾನು ಕೊಳವೆ ಮುಟ್ಟಬೇಕಿಲ್ಲ. ಚಿಕ್ಕ ಮಕ್ಕಳನ್ನೂ ಅಜ್ಜಿಯರನ್ನೂ ಮುಂದೆ ಬಿಡಿ. ಮೆಟ್ಟಿಲಲ್ಲಿ ಕೆಂಪು ಕಾಗದ ಸುತ್ತಿದ ಟಾರ್ಚ್ ಇಟ್ಟಿದೆ, ಮೊಬೈಲ್ ಬೆಳಕು ಹಾಕಬೇಡಿ. ಕಾಫಿ ಮೇಲೇ ಕೊಡುತ್ತಾರಂತೆ.